ಅಲಗಿಗೊಂದು ಅನುರೂಪ ಜೋಡಿ

ಹೆಂಡತಿಯನ್ನು ಆರಿಸಲು ಪದ್ಮಾಕರ ತೆಗೆದುಕೊಂಡದ್ದು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು. (ಆ ಚಹಾವೂ ಅರ್ಧ ಬಸಿಯಲ್ಲೇ ಉಳಿದಿತ್ತು.) ಚಾಕುವಿನ ಅಲಗು ಆರಿಸಲು ತೆಗೆದುಕೊಂಡದ್ದು ಅರ್ಧ ಬೇಸಗೆ. ಈ ವ್ಯತ್ಯಾಸವನ್ನು ಮೊದಲು ಎತ್ತಿ ತೋರಿಸಿದವಳು ಹೆಂಡತಿ ರತ್ನಮಾಲಾ. ತೋರಿಸಿದ ಧಾಟಿಯಲ್ಲಿ ಹೊಗಳಿಕೆಯ ಸುಳಿವೇನೂ ಇರಲಿಲ್ಲ.

ಪದ್ಮಾಕರ ಬೆಳಗಾವಿಯ ಒಂದು ಫೌಂಡ್ರಿಯ ಸ್ಟೋರಿನಲ್ಲಿ ಗುಮಾಸ್ತ. ದಿನವಿಡೀ ಕಬ್ಬಿಣದ ನಡುವೆ ಕೂತೂ ಕಬ್ಬಿಣ ಮುಟ್ಟಬೇಕಾಗಿಲ್ಲದ ಉದ್ಯೋಗ. ಮಾವ ಪಾರೀಸಪ್ಪ ಪಾರಿಶ್ವಾಡದ ರೈತರು. ಮದುವೆಯ ದಿನ ಅವರು ಅಳಿಯನ ಅಂಗೈ ಹಿಡಿದು, "ಏನ್ ಮೆತ್ತಗದಾವ್ರಿ, ಬೆಣ್ಣಿ ಇದ್ದಂಗ!" ಎಂದು ನಾಲ್ಕು ಜನರೆದುರು ಉದ್ಗರಿಸಿದ್ದರು. ಆ ಬೆಣ್ಣೆ ಪದ್ಮಾಕರನ ಎದೆಯಲ್ಲಿ ಇನ್ನೂ ಕರಗಿರಲಿಲ್ಲ.

ಸೇಡು ತೀರಿಸಿಕೊಳ್ಳಲು ಸಂದರ್ಭವೂ ಒದಗಿ ಬಂತು. ಪಾರೀಸಪ್ಪನವರ ಮನೆಯಲ್ಲೊಂದು ಪದ್ಧತಿ: ಬಾವಿಯ ಬಾಜುವಿನ ಮಾವಿನ ಗಿಡದಲ್ಲಿ ಆ ವರ್ಷ ಮೊದಲು ಮಾಗಿದ ಹಣ್ಣನ್ನು ಹೊಸ ಅಳಿಯನೇ ಕೊಯ್ದು, ಹಿರಿಯರಿಂದ ಆರಂಭಿಸಿ ಎಲ್ಲರಿಗೂ ಹೋಳು ಹಂಚಬೇಕು. ಆಮೇಲೆಯೇ ಸಂಜೆಯ ಊಟ. ಎಪ್ಪತ್ತೆಂಟರ ಬೇಸಗೆಯ ಆರಂಭದಲ್ಲಿ, ಗಿಡದಲ್ಲಿ ಕಾಯಿ ಬಲಿಯುವ ಮೊದಲೇ ಕರೆ ಬಂದಾಗ ಪದ್ಮಾಕರ ತೀರ್ಮಾನಿಸಿದ: ಹಣ್ಣು ಮಾವನದಾದರೂ ಚಾಕು ತನ್ನದಾಗಬೇಕು.

ಖಡೇ ಬಜಾರದ ಹಿಂದಿನ ಓಣಿಯಲ್ಲಿ ಬಾಳಾಸಾಹೇಬ ಎಂಬವನು ಮಡಚುವ ಚಾಕು ಮಾಡುತ್ತಿದ್ದ. ಒಂದು ಹಿಡಿ, ಅದರೊಳಗೆ ಎರಡು ಅಲಗು. ಯಾವ ಎರಡು ಎನ್ನುವುದು ಗಿರಾಕಿಯ ಇಷ್ಟ. ಆ ಸ್ವಾತಂತ್ರ್ಯವೇ ಪದ್ಮಾಕರನಿಗೆ ಮುಳುವಾಯಿತು.

"ಇದು ಕಾಗಿ ಕೊಕ್ಕು ನೋಡ್ರಿ ಸಾಹೇಬ್ರ," ಎಂದು ಬಾಳಾಸಾಹೇಬ ಹೆಬ್ಬೆರಳಿನ ಉಗುರನ್ನು ಅಲಗಿನ ಗೀರಿಗೆ ಸಿಕ್ಕಿಸಿ ಟಕ್ಕನೆ ಬಿಚ್ಚಿದ. "ಬೆನ್ನು ತುದೀಗೆ ಕೊರದು ತಗದೇನಿ. ಚೂಪ. ಎಲ್ಲಿ ಬೇಕಾದ್ರೂ ಹೊಕ್ಕತೈತಿ. ಇದು ಕುರಿ ಗೊರಸು. ಬಾಯಿ ನೆಟ್ಟಗ, ಮೂತಿ ಮೊಂಡ. ಚುಚ್ಚಂಗಿಲ್ಲ, ಆದ್ರ ಹೋಳು ಸಮಾ ಬೀಳತಾವ."

"ಈ ಹೊಟ್ಟಿ ಉಬ್ಬಿದ್ದು?"

"ಅದು ಹೋರಿಗೋಳನ್ನ ಎತ್ತು ಮಾಡಾಕ್ರಿ. ತುದಿ ದುಂಡಗ ಇದ್ರ, ಹೋರಿ ಒದರ‍್ಯಾಡಿದಾಗ—"

"ಸಾಕು, ಸಾಕು! ನಾವು ಜೈನರು!" ಎಂದು ಪದ್ಮಾಕರ ಎರಡೂ ಕಿವಿ ಮುಚ್ಚಿಕೊಂಡ.

"ಮಾವಿನಹಣ್ಣಿಗೂ ಬರತೈತ್ರಿ," ಎಂದ ಬಾಳಾಸಾಹೇಬ, ಸಮಾಧಾನದಿಂದ.

ಆದರೆ ಕುತೂಹಲ ಒಮ್ಮೆ ಹತ್ತಿಕೊಂಡರೆ ಬಿಡುವ ಬಾಧೆಯಲ್ಲ. ಮರುದಿನ ಫೌಂಡ್ರಿ ಬಿಟ್ಟವನು ಮತ್ತೆ ಅಂಗಡಿಯ ಮುಂದೆ ಹಾಜರು. "ಎರಡೂ ಕೊಕ್ಕಿನವನ್ನ ಹಾಕಿದ್ರ ಹೆಂಗ?"

"ಒಳಗ ಒಂದಕ್ಕೊಂದು ತಿಕ್ಕಿ ಎರಡೂ ಮೊಂಡ ಆಗತಾವ್ರಿ. ಒಂದು ಉದ್ದ ಇದ್ರ ಒಂದು ಗಿಡ್ಡ ಇರಬೇಕು. ಒಂದು ಚುಚ್ಚೂದಿದ್ರ ಇನ್ನೊಂದು ಸಂಭಾವಿತ ಇರಬೇಕು. ಒಂದ ಮನ್ಯಾಗ ಬಾಳೇ ಮಾಡಬೇಕಲ್ರಿ!"

ಈ ದಾಂಪತ್ಯ ಮೀಮಾಂಸೆಯನ್ನು ಹೊತ್ತು ಪದ್ಮಾಕರ ಮನೆಗೆ ಬಂದ. ಉದ್ದನೆಯ ಕೊಕ್ಕಿಗೆ ಗಿಡ್ಡ ಗೊರಸೋ, ಉದ್ದನೆಯ ಗೊರಸಿಗೆ ಗಿಡ್ಡ ಕೊಕ್ಕೋ? ಪೆನ್ಸಿಲ್ ಚೂಪು ಮಾಡುವ ಸಣ್ಣ ಅಲಗನ್ನು ತಂದರೆ ಯಾರನ್ನು ಹೊರಹಾಕುವುದು? ತಾಟಿನಲ್ಲಿದ್ದ ರೊಟ್ಟಿಯನ್ನು ಅಲಗಿನ ಆಕಾರಕ್ಕೆ ಹರಿದು, ಎರಡೆರಡನ್ನು ಜೋಡಿಸಿ ನೋಡಿದ. ಯೋಚನೆ ಆಳಕ್ಕಿಳಿದಂತೆ ಹೆಬ್ಬೆರಳು ಬಾಯಿಗೆ ಹೋಯಿತು. ಉಗುರು ಕಡಿಯದೆ ಅವನು ಸಾಲೆಯ ದಿನಗಳಿಂದಲೂ ಯಾವ ವಿಚಾರವನ್ನೂ ಮಾಡಿದವನಲ್ಲ.

"ರೀ, ರೊಟ್ಟಿ ಉಣ್ರಿ, ಅದಕ್ಕ ಧಾರ ಹಚ್ಚಬ್ಯಾಡ್ರಿ," ಎಂದಳು ರತ್ನಮಾಲಾ. "ಮತ್ತ ಆ ಉಗುರು ಬಿಡ್ರಿ. ನಾವು ಹೊತ್ತು ಮುಳುಗಿದ ಮ್ಯಾಲ ನೀರು ಸೈತ ಮುಟ್ಟಂಗಿಲ್ಲ. ನೀವು ದೀಪ ಹಚ್ಚಿದ ಮ್ಯಾಲೂ ಉಗುರು ತಿನಕೋತ ಕುಂದರತೀರಿ!"

"ಅದು ಊಟ ಅಲ್ಲ, ವಿಚಾರ."

"ಹೌದ್ಹೌದು. ಹತ್ತೂ ಬೆರಳಿನ ವಿಚಾರ ಮುಗೀತು. ಇನ್ನ ಕಾಲಿಗೆ ಬಾಗರಿ."

ಕೊನೆಗೆ ಉದ್ದನೆಯ ಕೊಕ್ಕಿಗೂ ಗಿಡ್ಡ ಗೊರಸಿಗೂ ಲಗ್ನ ನಿಶ್ಚಯವಾಯಿತು. ಬಾಳಾಸಾಹೇಬ ಚಾಕುವಿಗೆ ಎಣ್ಣೆ ಹಚ್ಚಿ, ಮಡಚಿ, ಕೆಂಪು ಅರಿವೆಯಲ್ಲಿ ಸುತ್ತಿಕೊಟ್ಟ. "ಸ್ಪ್ರಿಂಗ್ ಹೊಸಾದು, ಬಿಗಿ ಐತ್ರಿ. ಒಂದೆರಡು ಸಲ ಬಿಚ್ಚಿ ನೋಡ್ರಿ."

"ಬ್ಯಾಡ," ಎಂದ ಪದ್ಮಾಕರ, ಗಂಭೀರವಾಗಿ. "ಉದ್ಘಾಟನಾ ಪಾರಿಶ್ವಾಡದಾಗ."

ಪಾರಿಶ್ವಾಡದಲ್ಲಿ ಸಂಜೆ ಹೊತ್ತಿಗೆ ಎಲ್ಲರೂ ಅಂಗಳದ ಕಟ್ಟೆಗೆ ಬಂದು ಕೂತರು. ಹಿತ್ತಾಳೆಯ ತಾಟಿನಲ್ಲಿ ಮಾವಿನಹಣ್ಣು. ಒಳಗೆ ಹೋಳಿಗೆ ಸಿದ್ಧ. ರತ್ನಮಾಲಾಳ ಅಜ್ಜಿ ಜಿನಮತಿ ಆಯಿ ಮಾತ್ರ ಪಡುವಣಕ್ಕೆ ಮುಖ ಮಾಡಿ ಕೂತಿದ್ದಳು. ಹೊತ್ತು ಮುಳುಗಿತೆಂದರೆ ಆಕೆಗೆ ಮರುದಿನ ಸೂರ್ಯ ಹುಟ್ಟುವತನಕ ಉಪವಾಸ. ಆ ನೇಮ ತಪ್ಪಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಪದ್ಮಾಕರ ಕೆಂಪು ಅರಿವೆ ಬಿಚ್ಚಿದ.

"ಒಂದು ಚಾಕೂಗೆ ಎರಡು ಅಲಗು ಯಾಕ್ರಿ?" ಎಂದು ಪಾರೀಸಪ್ಪ ಕುತೂಹಲದಿಂದ ಬಾಗಿ ನೋಡಿದರು.

ಕೇಳಬಾರದ ಪ್ರಶ್ನೆ. ಪದ್ಮಾಕರ ಕೊಕ್ಕಿನ ಮಹಿಮೆ, ಗೊರಸಿನ ವಿನಯ, ಇವೆರಡರ ಸಹಬಾಳ್ವೆಯನ್ನು ಕುರಿತು ಸುದೀರ್ಘ ಉಪನ್ಯಾಸ ಕೊಟ್ಟ. (ಹೋರಿಯ ಅಧ್ಯಾಯವನ್ನು ಬಿಟ್ಟುಬಿಟ್ಟ.) ಉಪನ್ಯಾಸ ಮುಗಿಯುವಾಗ ಸೂರ್ಯ ಬಿದಿರು ಮೆಳೆಯ ತುದಿಗೆ ಇಳಿದಿದ್ದ.

ಪದ್ಮಾಕರ ಹೆಬ್ಬೆರಳನ್ನು ಅಲಗಿನ ಗೀರಿಗೆ ಇಟ್ಟು ಎಳೆದ. ಜಾರಿತು. ಮತ್ತೆ ಎಳೆದ. ಮತ್ತೆ ಜಾರಿತು. ಗೀರಿಗೆ ಸಿಕ್ಕಬೇಕಾದದ್ದು ಉಗುರು. ಆ ಉಗುರುಗಳು ಅರ್ಧ ಬೇಸಗೆಯುದ್ದಕ್ಕೂ ಅಲಗಿನ ಚಿಂತನೆಗೇ ಆಹುತಿಯಾಗಿದ್ದವು. ಉಳಿದದ್ದು ಎಣ್ಣೆ ಹತ್ತಿದ, ಬೆಣ್ಣೆಯಂಥ ಬೆರಳು. ಗೊರಸಿನ ಕಡೆಯಿಂದ ಪ್ರಯತ್ನಿಸಿದ. ಸಂಭಾವಿತ ಅಲಗೂ ಅಲುಗಲಿಲ್ಲ. ಅಂಗಿಯ ತುದಿಯಿಂದ ಹಿಡಿದ. ಕೊನೆಗೆ ಹಲ್ಲಿಗೆ ಒಯ್ದ.

"ಅಳಿಯಂದಿರು ಚಾಕೂನ ತಿನ್ನಾಕ ಹತ್ಯಾರಲ್ಲ," ಎಂದರು ಪಾರೀಸಪ್ಪ ಮೆಲ್ಲಗೆ. "ಕುಡಗೋಲು ತರಿಸಲೇನ್ರಿ?"

"ಬ್ಯಾಡ್ರಿ ಮಾವಾರ. ಹೊಸಾದಲ್ರಿ, ಜರಾ ನಾಚತೈತಿ."

"ಅದರ ನಾಚಿಗಿ ಬಿಡೂದರಾಗ ಹೊತ್ತು ಮುಳುಗತೈತಪಾ," ಎಂದಳು ಜಿನಮತಿ ಆಯಿ. "ಹೋಳಿಗಿ ವಾಸನಿ ಕುಡದು ಮಲಗಲೇನು?"

ಪದ್ಮಾಕರನಿಗೆ ಬೆವರಿಳಿಯಿತು. ಮುದುಕಿಯನ್ನು ಹಬ್ಬದೂಟದ ಮುಂದೆ ಉಪವಾಸ ಕೆಡವಿದ ಅಳಿಯ ಎಂಬ ಬಿರುದು ಬಂದರೆ, ಬೆಣ್ಣೆಯ ಕೈ ಎಂಬ ಬಿರುದೇ ಎಷ್ಟೋ ವಾಸಿ.

ಆಗ ಅಡಿಗೆ ಮನೆಯಿಂದ ರತ್ನಮಾಲಾ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡು ಚಾಕು ಇಸಿದುಕೊಂಡಳು. ಟಕ್. ಟಕ್. ಎರಡೂ ಅಲಗು ರೆಕ್ಕೆ ಬಿಚ್ಚಿದವು. "ಈಗ ಕೊಯ್ರಿ," ಎಂದು ಗಂಡನ ಕೈಗಿತ್ತಳು.

ಕೊಕ್ಕು ತೊಟ್ಟನ್ನು ತೆಗೆಯಿತು, ಗೊರಸು ಸಮಾ ಹೋಳು ಹಾಕಿತು. ಮೊದಲ ಹೋಳು ಆಯಿಯ ಬಾಯಿ ಸೇರಿದಾಗ ಸೂರ್ಯ ಅರ್ಧ ಉಳಿದಿದ್ದ. ಆಮೇಲೆ ನಡೆದ ಊಟವನ್ನು ಊಟ ಎನ್ನುವುದು ಕಷ್ಟ. ಹೋಳಿಗೆಯನ್ನು ಯಾರೂ ಅಗಿಯಲಿಲ್ಲ, ಸೂರ್ಯನ ಮೇಲೆ ಕಣ್ಣಿಟ್ಟು ನುಂಗಿದರು.

ಕೈ ತೊಳೆದ ಮೇಲೆ ಪಾರೀಸಪ್ಪ ಚಾಕುವನ್ನು ತಿರುಗಿಸಿ ನೋಡಿದರು. ಆಮೇಲೆ ಅಳಿಯನ ಹೆಬ್ಬೆರಳನ್ನು ತಿರುಗಿಸಿ ನೋಡಿದರು. "ಅಲಗು ಛಲೋ ಆರಿಸೀರಿ. ಎರಡು ಅಲಗಿನ ವಿಚಾರ ಮಾಡಿದವರು ಒಂದು ಉಗುರಿನ ವಿಚಾರ ಮಾಡಬೇಕಿತ್ರಿ."

ಬೆಳಗಾವಿಗೆ ಮರಳಿದ ಮೇಲೆ ಚಾಕು ರತ್ನಮಾಲಾಳ ಸೊಂಟದ ಕೀಲಿ ಗೊಂಚಲು ಸೇರಿತು. ಉಗುರು ಬೆಳೆಸಿ ಅದನ್ನು ಮರಳಿ ಗೆಲ್ಲುತ್ತೇನೆಂದು ಪದ್ಮಾಕರ ಪಣ ತೊಟ್ಟ. ನಾಲ್ಕು ದಿನ ಬೆರಳನ್ನು ಬಾಯಿಯ ಹತ್ತಿರ ತರಲಿಲ್ಲ. ಹೆಬ್ಬೆರಳಲ್ಲಿ ಹುಣ್ಣಿಮೆಗೆ ಬಹುದೂರವಿದ್ದ ಚಂದ್ರನಂಥ ಒಂದು ಬಿಳಿಯ ಗೆರೆ ಮೂಡಿತು.

ಐದನೆಯ ದಿನ ಬೆಳಗ್ಗೆ ಪೆನ್ಸಿಲ್ ಮೊಂಡಾಗಿತ್ತು. "ಏ ರತ್ನಾ, ಜರಾ ಚಾಕು ಬಿಚ್ಚಿ ಕೊಡು."

"ಯಾವ ಅಲಗು ತಗೀಲಿ?" ಎಂದಳು ರತ್ನಮಾಲಾ. "ಕೊಕ್ಕಿಂದೋ, ಗೊರಸಿಂದೋ?"

ಪೆನ್ಸಿಲ್ಲಿಗೆ ಕೊಕ್ಕು ಹೆಚ್ಚು ಚೂಪಾಗಬಹುದು. ಗೊರಸಾದರೆ ಸಮವಾಗಿ ಕೆತ್ತುತ್ತದೆ, ಆದರೆ ಸೀಸದ ಕಡ್ಡಿ ಮುರಿದರೆ? ಪದ್ಮಾಕರ ವಿಚಾರಕ್ಕೆ ಬಿದ್ದ. ಹೆಬ್ಬೆರಳು ತಾನಾಗಿಯೇ ಬಾಯಿಗೆ ಹೋಯಿತು.