ಮರಳಿ ಬರುವುದಕ್ಕೆ ಏಳು ದಾಖಲೆ

ಮದರಾಸಿನ ವೀಸಾ ಕಚೇರಿಯ ಪತ್ರದಲ್ಲಿ ನಿರಾಕರಣೆಗೆ ಒಂದೇ ಕಾರಣವಿತ್ತು: ವ್ಯಾಸಂಗ ಮುಗಿದ ಮೇಲೆ ಅರ್ಜಿದಾರರು ಸ್ವಂತ ಊರಿಗೆ ಮರಳುವರೆಂಬ ನಂಬಿಕೆ ನಮಗಿಲ್ಲ. ಆಕ್ಷೇಪಣೆಯನ್ನು ಅಂಚೆಗೆ ಹಾಕಲು ಹದಿನೈದು ದಿನಗಳ ಅವಕಾಶ. ಪತ್ರ ಹೋಳೂರಿಗೆ ತಲುಪುವಾಗ ಅದರಲ್ಲಿ ಹದಿನಾಲ್ಕು ಕಳೆದಿದ್ದವು.

ಕದಿರೇಶ ಕೃಷಿ ಪದವೀಧರ. ಕಸಿ ವಿದ್ಯೆ ಕಲಿಯಲು ವಿಲಾಯತಿಯ ಕಾಲೇಜೊಂದು ಅವನಿಗೆ ಎರಡು ವರ್ಷದ ಸೀಟು ಕೊಟ್ಟಿತ್ತು. 1981ರ ಅಕ್ಟೋಬರ್ ಒಂದರೊಳಗೆ ಹಾಜರಾಗದಿದ್ದರೆ ಅದು ಇನ್ನೊಬ್ಬನ ಪಾಲು. ಬೆಳಗ್ಗೆಯೇ ಕುಳಿತು ಒಂದು ಪುಟದ ಉತ್ತರ ಬರೆದ. ನಮಗೆ ಮಾವಿನ ತೋಟವಿದೆ, ಕಲಿತದ್ದನ್ನು ಅಲ್ಲಿಯೇ ಬಳಸುವೆನೆಂಬುದು ಅದರ ಸಾರ. ನೇರವಾಗಿ ಅಂಚೆಗೆ ಹಾಕಿದ್ದರೆ ಈ ಕತೆ ಇರುತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದ ವೆಂಕಟರಾಯಪ್ಪನವರಿಗೆ ಅದನ್ನು ತೋರಿಸಲು ಹೋದ.

"ಒಂದೇ ಹಾಳೆನಾ? ಊರಲ್ಲಿ ನಿಂಗ್ಯಾರೂ ದಿಕ್ಕಿಲ್ಲ ಅಂದ್ಕೋತಾರೆ ಕಣೋ. ಸರ್ಕಾರ ಯಾವ್ದಾದ್ರೇನು, ದಾಖಲೆ ಬೇಕು!"

ಅವರು ಅಲ್ಲಿಯೇ ಮಹಜರು ಬರೆದು ಐವರು ಪಂಚರ ಸಹಿ ಮಾಡಿಸಿದರು. ಕೊನೆಯ ವಾಕ್ಯ: ಈತನು ಒಂದು ದಿನವೂ ಊರು ಬಿಟ್ಟಿರಲಾರನು.

"ಸಾರ್, ಒಂದು ದಿನವೂ ಅಂದ್ರೆ ನಾನು ಹೋಗೋದು ಹೇಗೆ?"

"ಅವರು ಕೇಳಿರೋದು ಬರೋದಕ್ಕೆ ಸಾಕ್ಷಿ. ಹೋಗೋದಕ್ಕೆ ಕೇಳಿದಾರಾ? ಸುಮ್ನಿರು."

ಸುದ್ದಿ ಹಬ್ಬಿತು. ಹಾಲಿನ ಸಂಘದ ಅಧ್ಯಕ್ಷ ಚನ್ನರಾಯಪ್ಪ ನಡಾವಳಿ ಪುಸ್ತಕವನ್ನೇ ಹೊತ್ತುತಂದ. "ಸೆಕ್ರೆಟ್ರಿ ಜಾಗ ಆರು ತಿಂಗಳಿಂದ ಖಾಲಿ. ನಿನ್ನನ್ನೇ ನೇಮಿಸಿದೀವಿ. ಸೈನ್ ಹಾಕ್ಲಾ!" ತೋಟಗಳಿಗೆ ನೀರೆತ್ತುವ ಡೀಸೆಲ್ ಇಂಜಿನ್ನು ಕದಿರೇಶನ ಕೈಗಲ್ಲದೆ ಬೇರಾರ ಕೈಗೂ ಚಾಲೂ ಆಗುವುದಿಲ್ಲವೆಂದು ಬರೆಸಿ ನೆರೆಮನೆಯ ಪೆದ್ದಪ್ಪ ಹನ್ನೊಂದು ಮನೆಗಳ ಹೆಬ್ಬೆಟ್ಟು ಒತ್ತಿಸಿ ತಂದ. ದೇವಸ್ಥಾನದ ಸಮಿತಿಯವರು ಅವನನ್ನು ಧರ್ಮದರ್ಶಿಯನ್ನಾಗಿ ಮಾಡಿ ಪತ್ರ ಕೊಟ್ಟರು. ಕದಿರೇಶ ಕೊಂಬಿಗೆ ಬಣ್ಣ ಹಚ್ಚಿಸಿಕೊಳ್ಳುವ ಎತ್ತಿನಂತೆ ನಿಂತಿದ್ದ.

ಹನ್ನೊಂದು ಗಂಟೆಗೆ ಸೋದರತ್ತೆ ಅನಸೂಯಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಬಂದಳು. "ಹೆಣ್ಣು ಗೊತ್ತಾದ ಗಂಡು ಪರದೇಶದಲ್ಲಿ ನಿಲ್ತಾನೇನ್ಲಾ? ರಾ ನಾಯನಾ, ಬಾರಪ್ಪ, ಕೂತ್ಕೋ."

"ಅತ್ತೆ, ಇದು ಬರೀ ಕಾಗದಕ್ಕೆ ತಾನೆ?"

"ಕಾಗದಕ್ಕೇ ಕಣೋ. ಕೂತ್ಕೋ."

ತಾಂಬೂಲ ಬದಲಾಯಿತು. ಲಗ್ನಪತ್ರಿಕೆ ಬರೆದು ನಕಲು ತೆಗೆಯಲಾಯಿತು. ಅತ್ತೆಯ ಮಗಳು ಆದಿಲಕ್ಷ್ಮಿ ಬಾಗಿಲ ಹಿಂದಿನಿಂದ ಕೇಳಿದಳು: "ಬಾವ, ವೀಸಾ ಬಂದ್ರೆ ನೀನು ಹೋಗ್ತೀಯ. ಬರ್ದೆ ಇದ್ರೆ ನಾನು ನಿನ್ಮನೆಗೆ ಬರ್ತೀನಿ. ಹರಕೆ ಯಾವ್ದಕ್ಕೆ ಹೊರ್ಲಿ?" ಕದಿರೇಶ ಕಾಗದಗಳನ್ನು ಬಾಚಿಕೊಂಡು ಶಾಲೆಯತ್ತ ಓಡಿದ.

ಹೆಡ್‌ಮಾಸ್ಟರ್ ಕೋದಂಡರಾಮಪ್ಪನವರು ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ, ತಮ್ಮದೊಂದು ನಡತೆಯ ಪ್ರಮಾಣಪತ್ರ ಸೇರಿಸಿದರು. ದಾಖಲೆಗಳು ಆರಾದವು. ಬಸ್ಸು ಶ್ರೀನಿವಾಸಪುರ ತಲುಪಿದಾಗ ಮೂರು ಐವತ್ತೆರಡು. ಅಂಚೆ ಕಚೇರಿಯ ರಿಜಿಸ್ಟರ್ ಕಿಟಕಿ ಮುಚ್ಚುವುದು ನಾಲ್ಕಕ್ಕೆ. ಅಲ್ಲಿನ ಗುಮಾಸ್ತ ಲಕೋಟೆ ತೂಗಿ, ವಿಷಯ ಕೇಳಿ, ಕರಗಿಹೋದ. "ಹೋಳೂರಾ? ನನ್ನ ಹೆಂಡ್ತಿ ಊರು! ತಡೀರಿ, ನಾನೂ ನಾಲ್ಕು ಸಾಲು ಬರೀತೀನಿ." ಏಳನೆಯ ದಾಖಲೆ ಒಳಗೆ ಹೋಯಿತು. ಮುದ್ರೆ ಬಿದ್ದಾಗ ಮೂರು ಐವತ್ತೊಂಬತ್ತು.

ಇಪ್ಪತ್ತಮೂರನೆಯ ದಿನ ಉತ್ತರ ಬಂತು. ಊರು ಕೂಡಿತು. ಕೋದಂಡರಾಮಪ್ಪನವರು ಓದಿ ಹೇಳಿದರು: "ದಾಖಲೆಗಳನ್ನು ಪರಿಶೀಲಿಸಲಾಗಿದೆ. ಅರ್ಜಿದಾರರು ಊರಿಗೆ ಮರಳುವರೆಂಬುದರಲ್ಲಿ ಈಗ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಹಿಂದಿನ ಕಾರಣವನ್ನು ಹಿಂತೆಗೆದುಕೊಂಡಿದ್ದೇವೆ."

"ಹೇಳಿರ್ಲಿಲ್ವಾ!" ಎಂದರು ವೆಂಕಟರಾಯಪ್ಪನವರು. ಕದಿರೇಶನ ಕಣ್ಣು ತುಂಬಿದವು. ಮೇಷ್ಟರು ಹಾಳೆ ತಿರುಗಿಸಿದರು.

"ಆದರೆ ಅವೇ ದಾಖಲೆಗಳ ಪ್ರಕಾರ ಅರ್ಜಿದಾರರು ಒಂದು ದಿನವೂ ಊರು ಬಿಟ್ಟಿರಲಾರರು. ಆದ್ದರಿಂದ ಎರಡು ವರ್ಷ ಓದುವ ಉದ್ದೇಶವನ್ನು ನಂಬಲಾಗದು. ಅರ್ಜಿ ತಿರಸ್ಕೃತ. ಈ ತೀರ್ಮಾನವೇ ಅಂತಿಮ."

ವೆಂಕಟರಾಯಪ್ಪನವರು ಹಾಳೆ ತೆಗೆದುಕೊಂಡು ಎರಡೂ ಬದಿ ತಿರುಗಿಸಿ ನೋಡಿದರು.

"ನೋಡ್ದೇನೋ? ಒಂದು ಕಾಗದವನ್ನೂ ಸುಳ್ಳು ಅಂದಿಲ್ಲ."

ಚನ್ನರಾಯಪ್ಪ ಎದ್ದು ಟವೆಲು ಕೊಡವಿದ. "ಸೆಕ್ರೆಟ್ರಿ, ಬೆಳಗ್ಗೆ ಐದೂವರೆಗೆ ಹಾಲು ಬರುತ್ತೆ."

ಐದೂವರೆಗೆ ಹಾಲು ಬಂತು. ಅಳೆಯಲು ಕದಿರೇಶನಿದ್ದ.