ಅಲಮಾರಿಯಲ್ಲಿ ಅಮರವಾದ ನಲವತ್ತೊಂದು ಬಾವಿಗಳು

ಕಮಲಾಪುರ,
೧೨ ನವೆಂಬರ್ ೨೦೦೬

ಚಿರಂತನ ವಿದ್ವತ್ ಪ್ರಕಾಶನದ ಶಾಶ್ವತ ಸಂರಕ್ಷಣಾ ವಿಭಾಗದ ಮುಖ್ಯಸ್ಥರಿಗೆ,
ಶಹಾಬಜಾರ, ಕಲಬುರಗಿ

ಮಾನ್ಯರೇ,

ಕಾಲನನ್ನೇ ಅಲಮಾರಿಯೊಳಗೆ ಕೂಡಿಹಾಕಿ ಬೀಗ ಜಡಿದಿರುವ ತಮ್ಮ ಸನ್ನಿಧಾನಕ್ಕೆ, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಜಗದೇವಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು, ತಮ್ಮ ಕಂಪ್ಯೂಟರು, ಅದಕ್ಕೆ ಹೊದಿಸಿರುವ ಕಸೂತಿ ಬಟ್ಟೆ ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ.

೧೯೯೯ರಲ್ಲಿ ತಮ್ಮ ಸಂಶೋಧನಾ ಪತ್ರಿಕೆ ಕಾಗದವನ್ನು ತೊರೆದು ಸಿ.ಡಿ. ಏರಿದಾಗ, ಕಮಲಾಪುರದ ಸುತ್ತಲಿನ ನಲವತ್ತೊಂದು ಬಾವಿಗಳ ಕುರಿತ ನನ್ನ ಲೇಖನವನ್ನು ಮೊದಲ ಸಂಚಿಕೆಯಲ್ಲೇ ಸೇರಿಸಿಕೊಂಡಿರಿ. ಯಾವ ಬಾವಿ ಯಾರ ಹೊಲದ ಯಾವ ಬದುವಿನಲ್ಲಿದೆ, ಯಾವುದರ ನೀರು ಸಿಹಿ, ಯಾವುದರಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂಬುದನ್ನೆಲ್ಲ ನನಗೆ ಹೇಳಿದವರು ನಮ್ಮೂರ ದುಂಡಮ್ಮ; ಎರಡು ಬೇಸಿಗೆ ನನ್ನನ್ನು ಹೊಲ ಹೊಲ ತಿರುಗಿಸಿದ್ದರು. "ಕಾಗದವೆಂದರೆ ಗೆದ್ದಲಿನ ಊಟ, ನಮ್ಮಲ್ಲಿಟ್ಟದ್ದು ನೂರು ವರ್ಷ ಅಲುಗದು" ಎಂದು ತಾವು ಕಾಗದದ ಮೇಲೆಯೇ ಬರೆದು ಕಳುಹಿಸಿದ್ದನ್ನು ನಂಬಿ, ನನ್ನ ಕೈಬರಹದ ನೋಟುಬುಕ್ಕುಗಳನ್ನು ಹಂಡೆಯ ಒಲೆಗೆ ಹಾಕಿದೆ. "ಹ್ವಾದ ವರ್ಷದ ಕರೆಂಟ್ ಬಿಲ್ ಸುದ್ದಾ ಜ್ವಾಕಿ ಮಾಡ್ತೀರಿ, ಇದನ್ಯಾಕ ಸುಡಾಕತ್ತೀರಿ?" ಎಂದ ನನ್ನ ಹೆಂಡತಿ ಕಸ್ತೂರಿಬಾಯಿಗೆ ವಿಜ್ಞಾನದ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದೆ. ಆ ಬೆಂಕಿಯಲ್ಲಿ ಕಾದ ನೀರಿನಲ್ಲೇ ಸ್ನಾನ ಮಾಡಿದ್ದನ್ನು ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ.

ಕಳೆದ ತಿಂಗಳು ಪಂಚಾಯಿತಿಯವರು ಹೂಳು ತುಂಬಿ ಮುಚ್ಚಿಹೋದ ಬಾವಿಗಳನ್ನು ತೋಡಿಸಲು ಮುಂದಾಗಿ, ಅವು ಎಲ್ಲೆಲ್ಲಿವೆ ತೋರಿಸಿ ಎಂದು ನನ್ನನ್ನೇ ಕರೆದರು. ಹಿಗ್ಗಿನಿಂದ ಬಸ್ಸು ಹತ್ತಿ, ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಇಳಿದು, ಬಿಸಿಲಲ್ಲಿ ನಡೆದು ತಮ್ಮ ಕಚೇರಿಗೆ ಬಂದೆ. ಅಲ್ಲಿ ಕಂಡ ಸಂರಕ್ಷಣೆಯನ್ನು ಎಷ್ಟು ಹೊಗಳಿದರೂ ಸಾಲದು. ಸಿ.ಡಿ.ಯ ಮೂರೇ ಪ್ರತಿ ಮಾಡಿ ಅವನ್ನು ಮೂರು ಊರುಗಳಲ್ಲಿ ಇಡುವುದು ತಾವೇ ಸಾರಿದ ನಿಯಮ. ಊರೂರು ಅಲೆದರೆ ಕಳೆದಾವೆಂಬ ಮುಂಜಾಗ್ರತೆಯಿಂದ ಮೂರನ್ನೂ ಒಂದೇ ಅಲಮಾರಿಯಲ್ಲಿ ಇಟ್ಟಿದ್ದಿರಿ. ಪ್ರತಿ ದಸರೆಯ ಖಂಡೇಪೂಜೆಗೆ ಅವನ್ನು ಹೊರತೆಗೆದು, ಅಕ್ಷರಗಳು ಅಡಗಿರುವ ಹೊಳೆಯುವ ಬದಿಯೇ ಮುಖವೆಂದು ತಿಳಿದು, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ತೆಂಗಿನಕಾಯಿ ನೀರು ಚಿಮುಕಿಸಿ, ಒರಟು ಟವೆಲಿನಿಂದ ತಿಕ್ಕಿ ಒರೆಸಿ ಮತ್ತೆ ಮಲಗಿಸಿದ್ದೀರಿ. ಏಳು ವರ್ಷಗಳಲ್ಲಿ ಒಮ್ಮೆಯಾದರೂ ತೆರೆದು ಓದಿ ನೋಡುವ ಉದ್ಧಟತನವನ್ನು ಮಾತ್ರ ಯಾರೂ ತೋರಲಿಲ್ಲ, ದೇವರನ್ನು ಪರೀಕ್ಷಿಸಬಾರದಲ್ಲವೇ? ಕಂಪ್ಯೂಟರು ಮೂರನ್ನೂ ನುಂಗಿ ಮೂರನ್ನೂ ಉಗುಳಿತು. ತಮ್ಮ ಗುಮಾಸ್ತ ಪೀರಪ್ಪನವರು "ಒಂದ್ ವರ್ಷಾನೂ ಪೂಜಾ ತಪ್ಪಿಸಿಲ್ರಿ ಸರ್, ಹ್ಯಾಂಗ ಕೆಟ್ಟಾವೋ ಏನೋ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ಮೇಲೆ ಸಿಟ್ಟು ಬರಲಿಲ್ಲ, ತಮ್ಮ ಮೇಲೆ ಬಂತು.

ಬರಿಗೈಯಲ್ಲಿ ಮರಳಿ ದುಂಡಮ್ಮನವರ ಮನೆಗೆ ಹೋಗಿ, ಇನ್ನೊಮ್ಮೆ ಹೇಳಿರೆಂದು ಕೈಮುಗಿದೆ. ಬಹಳ ಹೊತ್ತು ಯೋಚಿಸಿ ಒಂಬತ್ತು ಬಾವಿ ಹೇಳಿದರು. ಅವುಗಳಲ್ಲೂ ಒಂದನ್ನು ಎರಡು ಸಲ ಹೇಳಿದರು. "ನೀವು ಬರಕೊಂಡು ಹೋದ್ರಿ. ಇನ್ನ ನಾ ಯಾಕ ತಲಿಯಾಗ ಹೊತ್ತು ತಿರಗಬೇಕಂತ ಬಿಟ್ಟೆರಿ ಸರ್" ಎಂದರು.

ಆದ್ದರಿಂದ ತಮ್ಮಲ್ಲಿ ಸಣ್ಣದೊಂದು ವಿನಂತಿ. ೧೯೯೮ರ ಬೇಸಿಗೆಯನ್ನು, ದುಂಡಮ್ಮನವರ ಆಗಿನ ಮೊಣಕಾಲುಗಳ ಸಮೇತ, ಒಂದು ವಾರದ ಮಟ್ಟಿಗೆ ಮರಳಿ ಕಳುಹಿಸಿಕೊಡಿ. ಅದಾಗದಿದ್ದರೆ ಒಲೆಯ ಬೂದಿಯನ್ನು ನೋಟುಬುಕ್ಕಾಗಿಸುವ ತಜ್ಞರನ್ನಾದರೂ ಕಳುಹಿಸಿ. ಅದೂ ಆಗದಿದ್ದರೆ, ಕೆಟ್ಟ ಸಿ.ಡಿ.ಗಳಿಂದ ಅಕ್ಷರ ಹೊರತೆಗೆಯುವವರು ಹೈದರಾಬಾದಿನಲ್ಲಿದ್ದಾರಂತೆ. ಮೂರನ್ನೂ ಅವರ ಬಳಿಗೆ ಒಯ್ಯಿರಿ. ಹೊರಡುವ ಮುನ್ನ ದಯವಿಟ್ಟು ಆರತಿ ಬೆಳಗಬೇಡಿ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಜಗದೇವಪ್ಪ

ವಿ.ಸೂ.: ತಮ್ಮ ಹೊಸ ಜಾಹೀರಾತಿನಲ್ಲಿ ಸಂರಕ್ಷಣೆಯ ಅವಧಿಯನ್ನು ಐನೂರು ವರ್ಷಕ್ಕೆ ಏರಿಸಿರುವುದನ್ನು ಎಪ್ಪತ್ತೊಂಬತ್ತರ ದುಂಡಮ್ಮನವರಿಗೆ ಓದಿ ಹೇಳಿದೆ. "ಅಷ್ಟ್ಯಾಕ್ರಿ ಸರ್? ನಾ ಇರೂದ್ರಾಗ ಕೊಟ್ರ ಸಾಕಂತ ಹೇಳ್ರಿ" ಎಂದರು.