ದೇವರಿಗೆ ಬೆನ್ನು ಮಾಡಿದ ಕುರ್ಚಿ

ಕಾರಿನಲ್ಲಿ ಕಟ್ಟಿದ ಮಗುವಿನ ಕುರ್ಚಿ ಅಲುಗಾಡುತ್ತಿತ್ತು. ಬೆಳಗಿನಿಂದ ನನ್ನ ತಲೆಯಲ್ಲಿ ಬೇರೇನೂ ಇಲ್ಲ. ಹಲ್ಲುಜ್ಜುವಾಗಲೂ ಅದೇ, ಮಗನಿಗೆ ಗಂಜಿ ತಿನ್ನಿಸುವಾಗಲೂ ಅದೇ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಬೆರಳಿನಗಲಕ್ಕಿಂತ ಹೆಚ್ಚು ಸರಿಯಬಾರದು ಎನ್ನುತ್ತದೆ ಅದರ ಜೊತೆ ಬಂದ ಪುಸ್ತಕ. ನಮ್ಮದು ಅಂಗೈಯಗಲ ಸರಿಯುತ್ತಿತ್ತು. ಒಂಬತ್ತು ತಿಂಗಳ ಮಾಳುವನ್ನು ಅದರಲ್ಲಿ ಕೂರಿಸಿಕೊಂಡು ನವನಗರದಿಂದ ಇಳಕಲ್ಲಿಗೆ ಹೋಗಬೇಕು. ಅಲ್ಲಿ ಬೀರಪ್ಪನ ಗುಡಿಯಲ್ಲಿ ಅವನ ಜಾವಳ. ಮೊದಲ ಕೂದಲು ಕತ್ತರಿಸಬೇಕಾದ ಸೋದರಮಾವ, ಅಂದರೆ ನಮ್ಮಣ್ಣ ರಾಜಕುಮಾರ, ಆಗಲೇ ಗುಡಿಗೆ ಹೋಗಿ ಕತ್ತರಿ ಹಿಡಿದು ಕೂತಿದ್ದ.

ನನ್ನ ಗಂಡ ಯುವರಾಜ ಕಾರಿನ ಹಿಂದಿನ ಸೀಟಿನಲ್ಲಿ, ಮಗುವಿನ ಕುರ್ಚಿಯ ಮೇಲೆ ಮೊಣಕಾಲೂರಿ, ಬೆಲ್ಟನ್ನು ಬಾವಿ ಹಗ್ಗದಂತೆ ಜಗ್ಗುತ್ತಿದ್ದ.

ಯುವರಾಜ: ಇದಕ್ಕಿಂತ ಬಿಗಿ ಮಾಡಿದ್ರ ಗಾಡೀನೇ ಮುರೀತೈತಿ, ಗೀತಾ.

ನಾನು: ಮುರೀಲಿ. ಕುರ್ಚಿ ಅಲ್ಲಾಡಬಾರದು.

ಅತ್ತೆ ರಂಗವ್ವ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಕುಂಚಿಗೆ ಹಾಕಿದ ಮಾಳುವನ್ನು ಬಗಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಬಂದು ನಿಂತರು. ಅಲುಗಾಟದ ಚಿಂತೆ ಅವರಿಗಿರಲಿಲ್ಲ. ಅವರ ತಕರಾರು ದಿಕ್ಕಿನದು.

ಅತ್ತೆ: ಕೂಸಿನ ಮಾರಿ ಹಿಂದಕ ಯಾಕ ಮಾಡೀರಿ? ಬೀರಪ್ಪನ ಕಡೆ ಹೊಂಟೀವಿ. ದೇವರಿಗೆ ಬೆನ್ನು ಮಾಡಿ ಯಾರರ ಹೋಗ್ತಾರೇನು?

ನಾನು: ಅತ್ತೀ, ಸಣ್ಣ ಕೂಸಿಗೆ ಹಿಂಗ ಕುಂದ್ರಸಬೇಕು. ಕುತ್ತಿಗಿ ಇನ್ನೂ ಎಳೇದು ಇರತೈತಿ. ಬ್ರೇಕ್ ಬಿದ್ರ ತಲಿ, ಬೆನ್ನು ಎರಡಕ್ಕೂ ಕುರ್ಚಿ ಆಸರ ಆಗತೈತಿ.

ಅತ್ತೆ ಸ್ವಲ್ಪ ಯೋಚಿಸಿದರು. ನ್ಯಾಯ ಬಿಟ್ಟು ಮಾತಾಡುವವರಲ್ಲ.

ಅತ್ತೆ: ಗುಡಿಯಿಂದ ಬರುವಾಗ ಹಿಂಗ ಇರಲಿ. ಆಗ ಮಾರಿ ದೇವರ ಕಡೆ ಆಗತೈತಿ, ಅದು ಬರೋಬ್ಬರಿ. ಹೋಗುವಾಗಷ್ಟು ತಿರುವಿ ಇಡ್ರಿ.

ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಮಾವ ಬಂಡೆಪ್ಪ ತೀರ್ಪು ಕೊಟ್ಟರು.

ಮಾವ: ಅದಕ್ಯಾಕ ಜಗಳ? ಇಳಕಲ್ ತನಕ ಯುವರಾಜ ರಿವರ್ಸ್ ಗೇರಿನ್ಯಾಗ ಹೊಡೀಲಿ. ಕೂಸಿನ ಮಾರಿ ದೇವರ ಕಡೆ ಆಗತೈತಿ. ಬೆನ್ನು ಮಾಡಿದ ಪಾಪ ನಮಗಿರಲಿ.

ಅತ್ತೆ: ನೀವು ಚಾ ಕುಡೀರಿ.

ಆಮೇಲೆ ಅತ್ತೆ ತಮ್ಮ ತೋಳಿನ ಚರಿತ್ರೆ ತೆಗೆದರು. ಹುನಗುಂದದ ಬಸ್ಸಿನಲ್ಲಿ ಇದೇ ಯುವರಾಜನನ್ನು ತೊಡೆಯ ಮೇಲೆ ಹಿಡಿದುಕೊಂಡು ಓಡಾಡಿದ್ದು, ಕೆಟ್ಟ ರಸ್ತೆಯಲ್ಲಿ ಕಂಡಕ್ಟರ್ ಬಿದ್ದರೂ ಕೂಸು ಬೀಳದೇ ಇದ್ದದ್ದು ಎಲ್ಲ ಹೇಳಿದರು. ಈ ಕೈಯಿಂದ ಇಂದಿನವರೆಗೆ ಏನೂ ಜಾರಿಲ್ಲ ಎಂದರು. ನನಗೂ ರೇಗಿತು. ಪೂಜೆಯ ಚೀಲದಿಂದ ತೆಂಗಿನಕಾಯಿ ತೆಗೆದೆ.

ನಾನು: ಹಂಗಾರ ಇದನ್ನ ಹಿಡಕೊಂಡು ಗಾಡ್ಯಾಗ ಕುಂದರ್ರಿ ಅತ್ತೀ. ಮಾಳು ಅಂತ ತಿಳಕೋರಿ.

ಅತ್ತೆ ಮಾಳುವನ್ನು ಮಾವನ ಕೈಗೆ ಕೊಟ್ಟು, ಕಾಯಿಯನ್ನು ಎದೆಗವಚಿಕೊಂಡು ಹಿಂದೆ ಕೂತರು. ಬೆಲ್ಟು ನಾನೇ ಹಾಕಿ, ಮುಂದೆ ಯುವರಾಜನ ಪಕ್ಕ ಕೂತೆ. ಯುವರಾಜ ಓಣಿಯ ತುದಿಯವರೆಗೆ ಮೆಲ್ಲಗೆ ಹೋಗಿ, ಹೇಳಿ ಬ್ರೇಕು ಹಾಕುವುದು ಎಂದು ಮಾತಾಗಿತ್ತು. ಯುವರಾಜ ಹೇಳುವವನಿದ್ದ. ಆದರೆ ಮೂಲೆಯ ಎಮ್ಮೆ ಹೇಳಿ ಬರಲಿಲ್ಲ.

ಬ್ರೇಕು ಬಿತ್ತು. ಅತ್ತೆ ಇದ್ದಲ್ಲೇ ಇದ್ದರು. ಕಾಯಿ ಮಾತ್ರ ನಮ್ಮಿಬ್ಬರ ನಡುವೆ ಹಾರಿ ಬಂದು, ಗೇರಿಗೆ ಬಡಿದು, ನನ್ನ ಕಾಲ ಬಳಿ ಉರುಳಿ ನಿಂತಿತು. ಎಮ್ಮೆ ನಮ್ಮನ್ನು ಒಮ್ಮೆ ನೋಡಿ ದಾಟಿಹೋಯಿತು.

ಗಾಡಿ ಮನೆಗೆ ತಿರುಗಿತು. ಅತ್ತೆ ತಮ್ಮ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದರು. ಗೆದ್ದೆ ಎನ್ನುವ ಬದಲು ನಾನು ಕಾಯಿ ಎತ್ತಿ ಮಡಿಲಲ್ಲಿಟ್ಟುಕೊಂಡೆ. ಅತ್ತೆ ಕಾರಿನಿಂದ ಇಳಿದವರೇ ತಗ್ಗಿದ ದನಿಯಲ್ಲಿ ಕರೆದರು.

ಅತ್ತೆ: ಗೀತಾ, ಆ ಕುರ್ಚಿ ಬುಡಕ, ಸೀಟಿನ ಕವರಿನ ಒಳಗ, ಕೈ ಹಾಕಿ ನೋಡು.

ಹಾಕಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದೆ, ಬಂತು, ಇನ್ನೂ ಎಳೆದೆ, ಇನ್ನೂ ಬಂತು. ನಾಲ್ಕು ಮಡಿಕೆಯ ಕೌದಿ! ಅತ್ತೆಯ ಅವ್ವನ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದದ್ದು. ಈ ಮನೆಯ ಪ್ರತಿ ಕೂಸೂ ಮೊದಲು ಮಲಗಿದ್ದು ಅದರ ಮೇಲೆಯೇ.

ಯುವರಾಜ: ಅಂದ್ರ ನಾ ಮುಂಜಾನಿಂದ ಕೌದಿ ಕೂಡ ಕುಸ್ತಿ ಹಿಡದೇನಿ?

ಅತ್ತೆ: ಪ್ಲಾಸ್ಟಿಕ್ ಕುರ್ಚಿ, ಕೂಸಿಗೆ ಒತ್ತೀತು ಅಂತ ಇಟ್ಟೆ. ಹೊರಗಿಟ್ರ ಇಕಿ ತಗದು ಒಗೀತಾಳಂತ ಕವರಿನ ಬುಡಕ ಇಟ್ಟೆ.

ಮಾವ: ಕೂಸು ಕುರ್ಚಿ ಮ್ಯಾಲ, ಕೌದಿ ಕುರ್ಚಿ ಬುಡಕ. ಮೆತ್ತಗ ಆಗಿದ್ದು ಕುರ್ಚಿಗೆ.

ಕೌದಿ ಹೊರಬಿದ್ದ ಮೇಲೆ ಯುವರಾಜ ಮತ್ತೆ ಮೊಣಕಾಲೂರಿದ. ಒಂದೇ ಜಗ್ಗಿಗೆ ಬೆಲ್ಟು ಬಿಗಿಯಿತು. ನಾನು ಅಲ್ಲಾಡಿಸಿದೆ, ಸರಿಯಲಿಲ್ಲ. ನಂಬಿಕೆ ಬರದೆ ಅತ್ತೆ ಎರಡೂ ಕೈ ಹಾಕಿ ಅಲ್ಲಾಡಿಸಿದರು. ಕಾರು ಅಲುಗಿತು, ಕುರ್ಚಿ ಅಲುಗಲಿಲ್ಲ.

ರಾಜಿ ಆಯಿತು. ದಪ್ಪ ಕುಂಚಿಗೆ ಬಿಚ್ಚಿ, ಮಾಳುವಿನ ಮೈಗೆ ಹತ್ತುವಂತೆ ಪಟ್ಟಿ ಬಿಗಿದು, ಅದರ ಮೇಲಿಂದ ಕೌದಿ ಹೊದಿಸುವುದು. ದಿಕ್ಕಿನ ವ್ಯಾಜ್ಯವನ್ನು ಅತ್ತೆಯೇ ಮುಗಿಸಿದರು.

ಅತ್ತೆ: ಅವಗ ದೇವರು ಕಾಣಲಿಲ್ಲಂದ್ರ ನಾನರ ಕಾಣಬೇಕು. ಬಾಜೂಕ ನಾ ಕುಂದರಾಕಿ.

ಅತ್ತೆಯ ಆಚೆ ಬದಿಗೆ ಮಾವ ಕೂತರು. ಹೀಗೆ ನಾನು ಮುಂದೆ ಬಂದೆ.

ಊರು ದಾಟುವವರೆಗೆ ಹಿಂದಿನಿಂದ ಅತ್ತೆ ಮತ್ತು ಮಾಳುವಿನ ನಗು ಕೇಳುತ್ತಿತ್ತು. ಆಮೇಲೆ ನಿಂತಿತು. ತಿರುಗಿ ನೋಡಿದರೆ ಕುರ್ಚಿಯ ಎತ್ತರದ ಬೆನ್ನು ಮಾತ್ರ ಕಾಣುತ್ತದೆ. ಮಲಗಿದನೇ ಎಂದು ಕೇಳಿದೆ. ಅತ್ತೆ ಹೂಂ ಎಂದರು. ಕತ್ತು ವಾಲಿದೆಯೇ ಎಂದೆ. ಇಲ್ಲ ಎಂದರು. ಪಟ್ಟಿ ಸಡಿಲಾಗಿದೆಯೇ, ಕೌದಿ ಮೂಗಿಗೆ ಬಂದಿದೆಯೇ, ಬಿಸಿಲು ಬೀಳುತ್ತಿದೆಯೇ ಎಂದೆಲ್ಲ ಕೇಳಿದೆ. ಇನ್ನೊಮ್ಮೆ ಬಾಯಿ ತೆರೆದರೆ ಕೂಸನ್ನು ಎಬ್ಬಿಸಿ ನನ್ನ ತೊಡೆಗೆ ಕೊಡುವುದಾಗಿ ಅತ್ತೆ ಹೇಳಿದರು. ಹುನಗುಂದದವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

ಮೊಬೈಲ್ ತೆಗೆದು ವಿಡಿಯೋ ಕಾಲ್ ಹಚ್ಚಿದೆ.

ನನ್ನ ಬೆನ್ನ ಹಿಂದೆಯೇ ಅತ್ತೆಯ ಫೋನು ಗುರ್ರೆಂದು ನಡುಗಿತು. ನನ್ನ ಪರದೆಯ ತುಂಬ ಒಂದು ಕಿವಿ, ಅದರಲ್ಲೊಂದು ಬೆಂಡೋಲೆ ಕಾಣಿಸಿತು. ಪಿಸುಮಾತು ಎರಡೆರಡು ಸಲ ಕೇಳಿಸಿತು: ಮೊದಲು ಹಿಂದಿನ ಸೀಟಿನಿಂದ, ಆಮೇಲೆ ನನ್ನ ಕೈಯಿಂದ.

ಅತ್ತೆ: ಯಾರವ್ವಾ? ಗಾಡ್ಯಾಗ ಅದೇವಿ, ಆಮ್ಯಾಲ ಹಚ್ಚು. ಕೂಸು ಆಗಲೇ ಮಲಗೇತಿ. ಅದರ ಅವ್ವನ್ನ ಮಲಗಸೂದೊಂದು ಉಳದೈತಿ.